ನೈಫ್ ಕಮಾಂಡ್‌ಗಳು ಏಕಾಏಕಿ ಕೈಕೊಟ್ಟಾಗ: ಶೆಫ್ ಪ್ಲಗಿನ್‌ಗಳ ಜಗಳ ಬಿಡಿಸುವ ಸಮಗ್ರ ಮಾರ್ಗದರ್ಶಿ

ಸರ್ವರ್‌ಗಳನ್ನು ನಿಭಾಯಿಸುವ ಶೆಫ್ ಎಂಬ ಟೂಲ್‌ನ ಕಮಾಂಡ್ ನೈಫ್. ಅದಕ್ಕೆ ಹೊಸದೊಂದು ಪ್ಲಗಿನ್ ಹಾಕಿದಿರಿ. ಅದು ಓಡಲಿಲ್ಲ, ಹೋಗಲಿ. ಆದರೆ ಅದಕ್ಕೆ ಯಾವ ಸಂಬಂಧವೂ ಇಲ್ಲದ, ನೋಡ್‌ಗಳ (ಶೆಫ್ ನಿಭಾಯಿಸುವ ಯಂತ್ರಗಳ) ಪಟ್ಟಿ ಕೊಡುವ ‘ನೈಫ್ ನೋಡ್ ಲಿಸ್ಟ್’ ಕೂಡ ಪುಟಗಟ್ಟಲೆ ಎರರ್ ಕಾರಿ ನಿಂತುಬಿಟ್ಟಿತು. ಹೆಚ್ಚಿನವರು ಆಗ ಮಾಡುವ ಮೊದಲ ಕೆಲಸ ನೈಫ್ ಸೇರಿದ ಇನ್‌ಸ್ಟಾಲರ್ ಕಟ್ಟಾದ ಶೆಫ್ ವರ್ಕ್‌ಸ್ಟೇಷನ್ ಅನ್ನು ಪೂರ್ತಿ ತೆಗೆದು ಮತ್ತೆ ಹಾಕುವುದು. ಅರ್ಧ ಗಂಟೆ ಹೋಗುತ್ತದೆ, ತೊಂದರೆ ಅಲ್ಲೇ ಇರುತ್ತದೆ. ಯಾಕೆಂದರೆ ಜಗಳಕ್ಕೆ ಕಾರಣವಾದ ಫೈಲ್‌ಗಳು ಇರುವುದು ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ. ಅನ್‌ಇನ್‌ಸ್ಟಾಲ್ ಮಾಡಿದರೆ ಅವು ಹೋಗುವುದಿಲ್ಲ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪ್ಲಗಿನ್ ಜಗಳದಲ್ಲಿ ಎರರ್ ಸಂದೇಶದ ಮೊದಲ ಸಾಲು ಸಾಮಾನ್ಯವಾಗಿ ಏಟು ತಿಂದವರ ಹೆಸರನ್ನು ಹೇಳುತ್ತದೆ, ಏಟು ಕೊಟ್ಟವರ ಹೆಸರನ್ನಲ್ಲ. ಕೆಳಗಿನ ಹಂತಗಳೆಲ್ಲ ಏಟು ಕೊಟ್ಟವರನ್ನು ಹುಡುಕುವುದಕ್ಕೆ. ಹೊಸದನ್ನು ಸೇರಿಸಬೇಡಿ, ಇರುವುದನ್ನು ಒಂದೊಂದಾಗಿ ಪಕ್ಕಕ್ಕಿಟ್ಟು ನೋಡಿ.

(ಕಮಾಂಡ್‌ಗಳನ್ನು ಓದಿಗೆ ಅನುಕೂಲವಾಗಲಿ ಎಂದು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು.)

ನೈಫ್ ತನ್ನ ಕಮಾಂಡ್‌ಗಳನ್ನು ಎಲ್ಲಿಂದ ತರುತ್ತದೆ?

ಇದು ತಿಳಿಯದೆ ಮುಂದಿನ ಯಾವ ಹಂತವೂ ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಶೆಫ್ 2009ರಲ್ಲಿ ಆಪ್ಸ್‌ಕೋಡ್ ಎಂಬ ಅಮೆರಿಕದ ಕಂಪನಿಯಿಂದ ಬಂದ ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್ ಟೂಲ್. ಅದರ ಕಮಾಂಡ್ ಲೈನ್ ಮುಖವೇ ನೈಫ್. ರೂಬಿಯಲ್ಲಿ ಬರೆದದ್ದು. ಪ್ಲಗಿನ್ ಎಂದರೆ ಸಾಮಾನ್ಯವಾಗಿ ಒಂದು ರೂಬಿ ಜೆಮ್, ಅಂದರೆ ರೂಬಿ ಕೋಡ್‌ನ ಪ್ಯಾಕೇಜ್. ಅದರೊಳಗೆ ‘ಶೆಫ್’ ಫೋಲ್ಡರ್, ಅದರೊಳಗೆ ‘ನೈಫ್’ ಫೋಲ್ಡರ್, ಅಲ್ಲಿ ಒಂದಿಷ್ಟು ರೂಬಿ ಫೈಲ್‌ಗಳು. ಇಷ್ಟಿದ್ದರೆ ಸಾಕು, ಎಲ್ಲೂ ನೋಂದಣಿ ಬೇಕಿಲ್ಲ. ನೈಫ್ ಶುರುವಾದಾಗ ಮೂರು ಜಾಗ ಜಾಲಾಡುತ್ತದೆ. ಒಂದು, ಇನ್‌ಸ್ಟಾಲ್ ಆಗಿರುವ ಎಲ್ಲ ಜೆಮ್‌ಗಳು. ಒಂದೇ ಜೆಮ್‌ನ ಹಲವು ಆವೃತ್ತಿ ಇದ್ದರೆ ತೀರ ಹೊಸದನ್ನು ಮಾತ್ರ ನೋಡುತ್ತದೆ. ಎರಡು, ನಿಮ್ಮ ಶೆಫ್ ರೆಪೊ (ಶೆಫ್ ಕೋಡ್ ಇಟ್ಟ ಫೋಲ್ಡರ್) ಒಳಗಿನ ‘.ಶೆಫ್’ ಫೋಲ್ಡರ್‌ನಲ್ಲಿರುವ ಪ್ಲಗಿನ್ಸ್/ನೈಫ್. ಮೂರು, ಹೋಮ್ ಡೈರೆಕ್ಟರಿಯ ‘.ಶೆಫ್’ ಫೋಲ್ಡರ್‌ನಲ್ಲಿರುವ ಅದೇ ಪ್ಲಗಿನ್ಸ್/ನೈಫ್.

ಸಿಕ್ಕ ಫೈಲ್‌ಗಳನ್ನೆಲ್ಲ ನೈಫ್ ಲೋಡ್ ಮಾಡುತ್ತದೆ. ಹೌದು, ನೀವು ಕೇಳಿದ್ದು ನೋಡ್ ಪಟ್ಟಿ ಮಾತ್ರ ಆದರೂ ಎಲ್ಲವನ್ನೂ. ಅದರಲ್ಲಿ ಒಂದು ಫೈಲ್‌ನ ಮೊದಲ ಸಾಲಿನಲ್ಲೇ ಸಿಗದ ಲೈಬ್ರರಿಯೊಂದನ್ನು ಕರೆದಿದ್ದರೆ ಇಡೀ ನೈಫ್ ಬಿದ್ದುಹೋಗುತ್ತದೆ. ಸಂಬಂಧವಿಲ್ಲದ ಕಮಾಂಡ್ ಮುರಿಯುವುದರ ಗುಟ್ಟು ಇಷ್ಟೇ.

ಇದಕ್ಕೊಂದು ಅಪವಾದ ಉಂಟು: ‘ನೈಫ್ ರೀಹ್ಯಾಶ್’. ಇದನ್ನು ಓಡಿಸಿದರೆ ಯಾವ ಕಮಾಂಡ್ ಯಾವ ಫೈಲ್‌ನಲ್ಲಿದೆ ಎಂಬ ಪಟ್ಟಿ ಹೋಮ್‌ನ ‘.ಶೆಫ್’ ಫೋಲ್ಡರ್‌ನಲ್ಲಿ ಪ್ಲಗಿನ್_ಮ್ಯಾನಿಫೆಸ್ಟ್ ಎಂಬ ಜೇಸನ್ ಫೈಲ್ ಆಗಿ ಕೂರುತ್ತದೆ. ಆಮೇಲೆ ನೈಫ್ ಹುಡುಕಾಟ ಬಿಟ್ಟು ಈ ಪಟ್ಟಿಯನ್ನೇ ನಂಬುತ್ತದೆ. ವೇಗ ಹೆಚ್ಚುತ್ತದೆ, ಆದರೆ ಪಟ್ಟಿ ಹಳತಾದರೆ ಅದೇ ಹೊಸ ತಲೆನೋವು.

ಹಂತ 1: ಓಡುತ್ತಿರುವುದು ಯಾವ ನೈಫ್?

ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ‘ಟೈಪ್ -ಎ ನೈಫ್’ ಎಂದು ಹೊಡೆಯಿರಿ. ಪಾತ್‌ನಲ್ಲಿರುವ ಎಲ್ಲ ನೈಫ್‌ಗಳೂ ಸಾಲಾಗಿ ಬರುತ್ತವೆ. ‘ವಿಚ್’ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ತೋರಿಸುವುದರಿಂದ ಇಲ್ಲಿ ಅದು ಸಾಲದು. ವಿಂಡೋಸ್‌ನಲ್ಲಿ ‘ವೇರ್ ನೈಫ್’. ಪವರ್‌ಶೆಲ್ ಆದರೆ ವೇರ್ ಮುಂದೆ ಡಾಟ್ ಇಎಕ್ಸ್‌ಇ ಸೇರಿಸಬೇಕು.

ಒಂದಕ್ಕಿಂತ ಹೆಚ್ಚು ಸಾಲು ಬಂದರೆ ಅರ್ಧ ಉತ್ತರ ಸಿಕ್ಕಂತೆ. ವರ್ಕ್‌ಸ್ಟೇಷನ್‌ನ ನೈಫ್ ಇರುವುದು ಆಪ್ಟ್ ಫೋಲ್ಡರ್‌ನ ಶೆಫ್-ವರ್ಕ್‌ಸ್ಟೇಷನ್ ಕೆಳಗೆ, ತನ್ನದೇ ರೂಬಿಯ ಜೊತೆ. ರೂಬಿಯ ಹಲವು ಆವೃತ್ತಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಲು ಆರ್‌ಬಿಎನ್ವ್ ಅಥವಾ ಆರ್‌ವಿಎಂ ಬಳಸುವವರ ಯಂತ್ರದಲ್ಲಿ ಹಿಂದೆಂದೋ ‘ಜೆಮ್ ಇನ್‌ಸ್ಟಾಲ್ ಶೆಫ್’ ಹೊಡೆದು ಬಂದ ಇನ್ನೊಂದು ನೈಫ್ ಇರಬಹುದು. ವರ್ಕ್‌ಸ್ಟೇಷನ್‌ಗಿಂತ ಮೊದಲಿದ್ದ, 2020ರ ಕೊನೆಗೆ ಬೆಂಬಲ ನಿಂತ ಶೆಫ್‌ಡಿಕೆಯ ಪಳೆಯುಳಿಕೆಯೂ ಇರಬಹುದು. ಪ್ಲಗಿನ್ ಒಂದು ರೂಬಿಗೆ ಹಾಕಿ, ಇನ್ನೊಂದು ರೂಬಿಯ ನೈಫ್ ಓಡಿಸಿ ‘ಕಮಾಂಡ್ ಸಿಗುತ್ತಿಲ್ಲ’ ಎನ್ನುವವರು ಬೇಕಾದಷ್ಟಿದ್ದಾರೆ.

ಆಮೇಲೆ ‘ಶೆಫ್ ಎನ್ವ್’ ಓಡಿಸಿ. ವರ್ಕ್‌ಸ್ಟೇಷನ್‌ನ ರೂಬಿ ಯಾವುದು, ಜೆಮ್ ಹೋಮ್ ಎಲ್ಲಿ, ಜೆಮ್ ಪಾತ್ ಯಾವುದು ಎಲ್ಲವನ್ನೂ ತೋರಿಸುತ್ತದೆ. ಇದರ ಔಟ್‌ಪುಟ್ ಒಂದು ಫೈಲ್‌ಗೆ ಉಳಿಸಿಕೊಳ್ಳಿ, ಮುಂದೆ ಬೇಕಾಗುತ್ತದೆ. ಇನ್ನು ಮುಂದೆ ಬರಿಯ ‘ಜೆಮ್’ ಬೇಡ. ‘ಶೆಫ್ ಜೆಮ್’ ಎಂದೇ ಬಳಸಿ. ಕಮಾಂಡ್‌ನ ಮುಂದೆ ಸುಡೂ ಹಾಕಲೂಬೇಡಿ. ರೂಟ್ ಹೆಸರಿನಲ್ಲಿ ಬಂದು ಕೂತ ಫೈಲ್‌ಗಳನ್ನು ನಿಮ್ಮ ಬಳಕೆದಾರ ಹೆಸರಿನಲ್ಲಿ ಬದಲಿಸಲು, ಅಳಿಸಲು ಆಗದೆ ಪರದಾಡಬೇಕಾಗುತ್ತದೆ.

ಹಂತ 2: ಎರರ್ ಅನ್ನು ಸರಿಯಾಗಿ ಓದಿ

ಮುರಿದ ಕಮಾಂಡ್‌ಗೆ ಡ್ಯಾಶ್ ಹಾಕಿ ದೊಡ್ಡಕ್ಷರದ ವಿ ಎರಡು ಸಲ ಸೇರಿಸಿ. ನೈಫ್ ಸಾಮಾನ್ಯವಾಗಿ ಎರರ್ ಅನ್ನು ಒಂದೆರಡು ಸಾಲಿಗೆ ಇಳಿಸಿ ಹೇಳುತ್ತದೆ. ಎರಡು ವಿ ಕೊಟ್ಟರೆ ಮುಚ್ಚಿಟ್ಟ ಪೂರ್ತಿ ಟ್ರೇಸ್, ಅಂದರೆ ಯಾವ ಫೈಲ್ ಯಾವುದನ್ನು ಕರೆಯಿತು ಎಂಬ ಸರಣಿ, ಹೊರಬೀಳುತ್ತದೆ.

ಟ್ರೇಸ್ ಓದುವಾಗ ರೂಬಿಯ ಆವೃತ್ತಿ ನೆನಪಿರಲಿ. ರೂಬಿ 2.5ರಿಂದ 2.7ರವರೆಗೆ ಟರ್ಮಿನಲ್‌ನಲ್ಲಿ ಟ್ರೇಸ್ ತಲೆಕೆಳಗಾಗಿ ಬರುತ್ತಿತ್ತು, ಎರರ್ ನಡೆದ ಜಾಗ ಕೊನೆಯ ಸಾಲಿನಲ್ಲಿ. 3.0ರಲ್ಲಿ ಮತ್ತೆ ಹಳೆಯ ಕ್ರಮ, ಎರರ್ ಮೇಲೆ. ತಪ್ಪು ತುದಿಯಿಂದ ಓದಿದರೆ ಆರೋಪಿಯೇ ಬದಲಾಗಿಬಿಡುತ್ತಾನೆ.

ಎರರ್ ನಡೆದ ಸಾಲಿಗಿಂತ ಮುಖ್ಯವಾದದ್ದು, ಅದರಿಂದ ಹೊರಟು ಹಿಂದೆ ಹೋಗುವಾಗ ‘ಶೆಫ್/ನೈಫ್’ ಪಾತ್ ಇರುವ ಫೈಲ್ ಮೊದಲು ಸಿಗುವ ಸಾಲು. ಉದಾಹರಣೆಗೆ, ಎರರ್ ಬಂದದ್ದು ಲೈಬ್ರರಿಗಳನ್ನು ಕರೆತರುವ ರೂಬಿಜೆಮ್ಸ್‌ನ ‘ರಿಕ್ವೈರ್’ ಒಳಗೆ, ಅದನ್ನು ಕರೆದದ್ದು ನೆಟ್-ಎಸ್‌ಎಸ್‌ಎಚ್ ಎಂಬ ಎಸ್‌ಎಸ್‌ಎಚ್ ಲೈಬ್ರರಿ, ಅದನ್ನು ಕರೆದದ್ದು ‘ನೈಫ್-ಹಳತು’ ಎಂಬ ಜೆಮ್‌ನ ಸರ್ವರ್_ಲಿಸ್ಟ್ ಫೈಲ್‌ನ ಮೂರನೇ ಸಾಲು. ಹುಡುಕುತ್ತಿದ್ದದ್ದು ಆ ಮೂರನೇ ಸಾಲನ್ನೇ. ನೆಟ್-ಎಸ್‌ಎಸ್‌ಎಚ್ ಬರಿಯ ಸಾಕ್ಷಿ.

ಇನ್ನು ಸಂದೇಶದ ಮಾತಿನಿಂದಲೇ ಜಗಳದ ಜಾತಿ ಗೊತ್ತಾಗುತ್ತದೆ:

– ‘ಕೆನಾಟ್ ಫೈಂಡ್ ಸಬ್‌ಕಮಾಂಡ್ ಫಾರ್’ ಎಂದರೆ ಪ್ಲಗಿನ್ ಬೇರೆ ರೂಬಿಯಲ್ಲಿದೆ, ಅಥವಾ ಮ್ಯಾನಿಫೆಸ್ಟ್ ಹಳತಾಗಿದೆ. ಹಂತ 1 ಮತ್ತು 3.
– ‘ಕೆನಾಟ್ ಲೋಡ್ ಸಚ್ ಫೈಲ್’ ಎಂದರೆ ಪ್ಲಗಿನ್ ಕರೆದ ಫೈಲ್ ಈ ಆವೃತ್ತಿಯಲ್ಲಿ ಇಲ್ಲ. ಹೆಚ್ಚಾಗಿ ಹಂತ 6.
– ‘ಅನೇಬಲ್ ಟು ಆಕ್ಟಿವೇಟ್ ... ಕಾನ್‌ಫ್ಲಿಕ್ಟ್ಸ್ ವಿತ್’ ಅಥವಾ ‘ಆಲ್‌ರೆಡಿ ಆಕ್ಟಿವೇಟೆಡ್’ ಎಂದರೆ ಅಪ್ಪಟ ಆವೃತ್ತಿ ಜಗಳ. ಹಂತ 5.
– ‘ಸೂಪರ್‌ಕ್ಲಾಸ್ ಮಿಸ್‌ಮ್ಯಾಚ್’ ಎಂದರೆ ಒಂದೇ ಹೆಸರಿನ ಕ್ಲಾಸ್ ಎರಡು ಕಡೆ ಇದೆ. ಹಂತ 4, ಇಲ್ಲವೇ 6.
– ‘ಇಗ್ನೋರಿಂಗ್ ... ಬಿಕಾಸ್ ಇಟ್ಸ್ ಎಕ್ಸ್‌ಟೆನ್ಶನ್ಸ್ ಆರ್ ನಾಟ್ ಬಿಲ್ಟ್’ ಎಂದರೆ ಸಿ ಭಾಷೆಯ ಭಾಗ ಕಂಪೈಲ್ ಆಗಿಲ್ಲ. ಸಂದೇಶವೇ ‘ಜೆಮ್ ಪ್ರಿಸ್ಟೀನ್’ ಓಡಿಸಿ ಎನ್ನುತ್ತದೆ. ‘ಶೆಫ್ ಜೆಮ್ ಪ್ರಿಸ್ಟೀನ್’ ಎಂದು ಜೆಮ್ ಹೆಸರು ಕೊಟ್ಟರೆ ಸಾಮಾನ್ಯವಾಗಿ ಮುಗಿಯಿತು. ಸಿ ಭಾಗವಿರುವ ನೋಕೋಗಿರಿ, ಎಫ್‌ಎಫ್‌ಐಯಂಥ ಜೆಮ್‌ಗಳಲ್ಲಿ ಇದು ಮಾಮೂಲು.

ಹಂತ 3: ಮ್ಯಾನಿಫೆಸ್ಟ್ ಪಕ್ಕಕ್ಕಿಡಿ

ಪ್ಲಗಿನ್_ಮ್ಯಾನಿಫೆಸ್ಟ್ ಫೈಲ್ ಇದೆಯೇ ನೋಡಿ. ಇದ್ದರೆ ಹೆಸರು ಬದಲಿಸಿ, ಕಮಾಂಡ್ ಮತ್ತೆ ಓಡಿಸಿ. ವರ್ಕ್‌ಸ್ಟೇಷನ್ ಅಪ್‌ಗ್ರೇಡ್ ಆದ ಮೇಲೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಒಂದು ಪಾಲು ಇಷ್ಟಕ್ಕೇ ಮಾಯ. ಕಾರಣ, ಮ್ಯಾನಿಫೆಸ್ಟ್‌ನಲ್ಲಿ ಇರುವುದು ಪೂರ್ತಿ ಪಾತ್‌ಗಳು. ಆ ಪಾತ್‌ಗಳಲ್ಲಿ ಜೆಮ್‌ನ ಆವೃತ್ತಿ ಸಂಖ್ಯೆಯೂ ರೂಬಿಯ ಆವೃತ್ತಿಯೂ ಇರುತ್ತವೆ. ರೂಬಿ 2.7 ಹೋಗಿ 3.0 ಬಂದರೆ ಪಟ್ಟಿಯ ಅಷ್ಟೂ ಪಾತ್‌ಗಳು ಸುಳ್ಳಾಗುತ್ತವೆ. ನೈಫ್ ತಾನೇ ‘ಮಿಸ್ಸಿಂಗ್ ಫೈಲ್ಸ್’ ಎಂದು ಪಟ್ಟಿ ಕೊಟ್ಟು, ರೀಹ್ಯಾಶ್ ಮಾಡಿ, ಆಗಲೂ ಆಗದಿದ್ದರೆ ಕ್ಯಾಶ್ ಅಳಿಸಿ ಎಂದು ಹೇಳುತ್ತದೆ. ತೊಂದರೆ ಪಟ್ಟಿ ಹಳತಾದದ್ದಷ್ಟೇ ಆಗಿದ್ದರೆ ಹೇಳಿದಷ್ಟು ಮಾಡಿದರೆ ಸಾಕು.

ಆದರೆ ನನ್ನ ಅಭಿಪ್ರಾಯ: ಕಾರಣ ಇನ್ನೂ ಗೊತ್ತಿಲ್ಲದೆ ತೊಂದರೆ ಹುಡುಕುವಾಗ ರೀಹ್ಯಾಶ್ ಬೇಡ, ಅಳಿಸುವುದೇ ಸರಿ. ರೀಹ್ಯಾಶ್ ಮಾಡಿದರೆ ಮುರಿದ ಪ್ಲಗಿನ್‌ನ ಹೆಸರೂ ಹೊಸ ಪಟ್ಟಿಗೆ ಸೇರಬಹುದು. ಉಳಿದ ಕಮಾಂಡ್‌ಗಳು ಓಡುತ್ತವೆ, ‘ಸರಿಯಾಯಿತು’ ಅನಿಸುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ.

ಹಂತ 4: ಹೋಮ್ ಫೋಲ್ಡರ್‌ನ ಬಿಡಿ ಫೈಲ್‌ಗಳು

ಹೋಮ್‌ನಲ್ಲೂ ರೆಪೊದಲ್ಲೂ ‘.ಶೆಫ್’ ಒಳಗಿನ ಪ್ಲಗಿನ್ಸ್ ಫೋಲ್ಡರ್‌ಗೆ ಬೇರೆ ಹೆಸರಿಡಿ. ಕಮಾಂಡ್ ಓಡಿದರೆ ಜೆಮ್‌ಗಳ ಗೊಡವೆಯೇ ಬೇಡ, ತಪ್ಪು ಇಲ್ಲೇ ಇದೆ.

ತಂಡದಲ್ಲಿ ಯಾರೋ ಬರೆದ ಐವತ್ತು ಸಾಲಿನ ಸ್ಕ್ರಿಪ್ಟ್ ಚಾಟ್‌ನಲ್ಲಿ ಬಂದು, ಎಲ್ಲರ ಹೋಮ್‌ನಲ್ಲಿ ಕೂತು, ಅದನ್ನು ಬರೆದವರು ಕೆಲಸ ಬಿಟ್ಟ ಮೇಲೂ ವರ್ಷಗಟ್ಟಲೆ ಲೋಡ್ ಆಗುತ್ತಲೇ ಇರುತ್ತದೆ. ಆವೃತ್ತಿಯಿಲ್ಲ, ಅವಲಂಬನೆಗಳ ಪಟ್ಟಿಯಿಲ್ಲ, ಕೇಳುವವರಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ನೈಫ್ ಕಮಾಂಡ್‌ನ ಹೆಸರನ್ನು ರೂಬಿ ಕ್ಲಾಸ್‌ನ ಹೆಸರಿನಿಂದಲೇ ಮಾಡುತ್ತದೆ. ನೋಡ್‌ಕ್ಲೀನ್ ಎಂಬ ಕ್ಲಾಸ್ ‘ನೈಫ್ ನೋಡ್ ಕ್ಲೀನ್’ ಆಗುತ್ತದೆ. ಹೀಗೆ ಮಾಡುವಾಗ ಹೆಸರಿನ ಕೊನೆಯ ತುಂಡನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅಂದರೆ ನಿಮ್ಮ ಕ್ಲಾಸನ್ನು ನಿಮ್ಮದೇ ಮಾಡ್ಯೂಲ್ ಒಳಗಿಟ್ಟು ‘ಇನ್ನು ಜಗಳವಿಲ್ಲ’ ಎಂದುಕೊಂಡರೆ ತಪ್ಪು. ಎರಡು ಪ್ಲಗಿನ್‌ಗಳಲ್ಲಿ ಕೊನೆಯ ತುಂಡು ಒಂದೇ ಆದರೆ ಕೊನೆಗೆ ಲೋಡ್ ಆದದ್ದು ಮೊದಲನೆಯದನ್ನು ತುಳಿಯುತ್ತದೆ. ಎರರ್ ಕೂಡ ಬರುವುದಿಲ್ಲ. ಬೇರೆಯೇ ಕೋಡ್ ಸದ್ದಿಲ್ಲದೆ ಓಡುತ್ತದೆ. ಅದು ‘ಡಿಲೀಟ್’ ಎಂಬ ಕಮಾಂಡ್ ಆದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಹಂತ 5: ಜೆಮ್ ಆವೃತ್ತಿಗಳ ಜಗಳ

ಹೆಚ್ಚು ಸಮಯ ತಿನ್ನುವ ಹಂತ ಇದು.

ರೂಬಿಯ ನಿಯಮ ಕಟ್ಟುನಿಟ್ಟು: ಒಂದು ಪ್ರೋಸೆಸ್‌ನಲ್ಲಿ ಒಂದು ಜೆಮ್‌ನ ಒಂದೇ ಆವೃತ್ತಿ ಸಕ್ರಿಯವಾಗಬಹುದು. ಡಿಸ್ಕ್‌ನಲ್ಲಿ ಹತ್ತು ಆವೃತ್ತಿ ಇರಲಿ, ಮೊದಲು ಕುರ್ಚಿ ಹಿಡಿದವನದೇ ಜಾಗ. ವರ್ಕ್‌ಸ್ಟೇಷನ್‌ನ ನೈಫ್ ಈ ಕುರ್ಚಿಗಳನ್ನು ಮೊದಲೇ ಕಾಯ್ದಿರಿಸಿರುತ್ತದೆ. ನಂಬಿಕೆ ಬರದಿದ್ದರೆ ವರ್ಕ್‌ಸ್ಟೇಷನ್‌ನ ಬಿನ್ ಫೋಲ್ಡರ್‌ನಲ್ಲಿರುವ ನೈಫ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ನೋಡಿ. ಅದು ಬೈನರಿ ಅಲ್ಲ, ರೂಬಿ ಸ್ಕ್ರಿಪ್ಟ್. ಆ್ಯಪ್‌ಬಂಡ್ಲರ್ ಎಂಬ ಸಾಧನ ತಯಾರಿಸಿದ್ದು. ಅದರಲ್ಲಿ ‘ಜೆಮ್’ ಎಂದು ಶುರುವಾಗುವ ಉದ್ದದ ಸಾಲುಗಳ ಪಟ್ಟಿ. ಪ್ರತಿಯೊಂದಕ್ಕೂ ಸಮ ಚಿಹ್ನೆಯ ಜೊತೆ ನಿಖರ ಆವೃತ್ತಿ. ನೆಟ್-ಎಸ್‌ಎಸ್‌ಎಚ್ ಇಂಥದ್ದೇ ಆವೃತ್ತಿ ಎಂದು ಅಲ್ಲಿ ಬರೆದಿದ್ದರೆ ಬೇರೆ ಆವೃತ್ತಿಯೇ ಬೇಕೆನ್ನುವ ಪ್ಲಗಿನ್ ಆ ನೈಫ್ ಜೊತೆ ಬಾಳುವುದಿಲ್ಲ. ಅದೇ ಫೈಲ್ ಶುರುವಿನಲ್ಲಿ ಜೆಮ್_ಹೋಮ್ ಮತ್ತು ಜೆಮ್_ಪಾತ್ ವೇರಿಯಬಲ್‌ಗಳನ್ನು ಖಾಲಿ ಮಾಡುವ ಸಾಲೂ ಇದೆ. ಹಾಗಾಗಿ ಅವುಗಳನ್ನು ಎಕ್ಸ್‌ಪೋರ್ಟ್ ಮಾಡಿ ‘ಯಾಕೆ ಕೇಳುತ್ತಿಲ್ಲ’ ಎಂದು ಕೂರಬೇಡಿ.

ಜಗಳದ ಇನ್ನೊಂದು ಪಕ್ಷ ಯಾರು ಎಂದು ತಿಳಿಯಲು ‘ಶೆಫ್ ಜೆಮ್ ಡಿಪೆಂಡೆನ್ಸಿ ನೆಟ್-ಎಸ್‌ಎಸ್‌ಎಚ್’ ಕಮಾಂಡ್‌ಗೆ ಡ್ಯಾಶ್ ದೊಡ್ಡ ಆರ್ ಸೇರಿಸಿ. ಈ ಯಂತ್ರದಲ್ಲಿ ಅದನ್ನು ಅವಲಂಬಿಸಿದ ಜೆಮ್‌ಗಳು, ಪ್ರತಿಯೊಂದೂ ಒಪ್ಪುವ ಆವೃತ್ತಿಯ ಮಿತಿ, ಎರಡೂ ಬರುತ್ತವೆ. ಮಿತಿ ಓದುವ ಕ್ರಮ ಗೊತ್ತಿರಲಿ: ~> 4.2 ಎಂದರೆ 4.2ರಿಂದ 5ರ ಒಳಗೆ ಯಾವುದಾದರೂ ಸರಿ. ~> 4.2.0 ಎಂದರೆ 4.2ರ ಸರಣಿ ಮಾತ್ರ, 4.3 ನಡೆಯದು. ಒಂದು ಸೊನ್ನೆಯಿಂದ ಇಷ್ಟು ವ್ಯತ್ಯಾಸ. ಹಳೆಯ ಪ್ಲಗಿನ್‌ಗಳಲ್ಲಿ ಈ ಬಿಗಿಯಾದ ಮಿತಿಯೇ ಜಗಳದ ಮೂಲವಾಗಿರುವುದು ಹೆಚ್ಚು.

ಪರಿಹಾರಗಳನ್ನು ಈ ಕ್ರಮದಲ್ಲಿ ನೋಡಿ. ಮೊದಲು, ಆ ಪ್ಲಗಿನ್‌ಗೆ ಹೊಸ ಆವೃತ್ತಿ ಬಂದಿದೆಯೇ? ಬಂದಿದ್ದರೆ ನೇರ ಹಾಕಬೇಡಿ. ‘ಶೆಫ್ ಜೆಮ್ ಇನ್‌ಸ್ಟಾಲ್’ ಜೊತೆ ‘ಎಕ್ಸ್‌ಪ್ಲೇನ್’ ಆಯ್ಕೆ ಕೊಡಿ. ಏನೇನು ಬಂದು ಕೂರುತ್ತದೆ ಎಂದು ಪಟ್ಟಿ ತೋರಿಸಿ ಸುಮ್ಮನಾಗುತ್ತದೆ, ಏನನ್ನೂ ಹಾಕುವುದಿಲ್ಲ. ಆ ಪಟ್ಟಿಯಲ್ಲಿ ‘ಶೆಫ್’ ಅಥವಾ ‘ಶೆಫ್-ಕಾನ್ಫಿಗ್’ ಕಂಡರೆ ಅಲ್ಲೇ ನಿಲ್ಲಿ. ಒಂದು ಪುಟ್ಟ ಪ್ಲಗಿನ್ ತನ್ನ ಜೊತೆ ಇಡೀ ಶೆಫ್‌ನ ಇನ್ನೊಂದು ಆವೃತ್ತಿಯನ್ನೇ ಹೋಮ್‌ಗೆ ಎಳೆದು ತರುತ್ತಿದೆ ಎಂದರ್ಥ. ಪಟ್ಟಿ ಸರಿಯೆನಿಸಿದರೆ ‘ಕನ್ಸರ್ವೇಟಿವ್’ ಆಯ್ಕೆ ಸೇರಿಸಿ ಹಾಕಿ. ಈಗಾಗಲೇ ಇರುವುದು ಸಾಕಾಗುತ್ತಿದ್ದರೆ ಹೊಸತನ್ನು ತರಬೇಡ ಎನ್ನುವುದಕ್ಕೆ ಅದು.

ಹೊಸ ಆವೃತ್ತಿ ಇಲ್ಲದಿದ್ದರೆ ‘ಶೆಫ್ ಜೆಮ್ ಅನ್‌ಇನ್‌ಸ್ಟಾಲ್’. ಒಂದಕ್ಕಿಂತ ಹೆಚ್ಚು ಆವೃತ್ತಿ ಇದ್ದರೆ ಯಾವುದು ಎಂದು ಕೇಳುತ್ತದೆ. ಅವಲಂಬನೆಗಳು ತಾವಾಗಿ ಹೋಗುವುದಿಲ್ಲ ಎಂಬುದು ನೆನಪಿರಲಿ. ಪ್ಲಗಿನ್ ಹೋದರೂ ಅದು ತಂದ ನೆಟ್-ಎಸ್‌ಎಸ್‌ಎಚ್ ಅಲ್ಲೇ ಕೂತಿರುತ್ತದೆ. ‘ಶೆಫ್ ಜೆಮ್ ಲಿಸ್ಟ್’ ನೋಡಿ ಅದನ್ನೂ ಕೈಯಾರೆ ತೆಗೆಯಬೇಕು. ತೆಗೆಯುವ ಮುನ್ನ ಹಂತ 1ರಲ್ಲಿ ಉಳಿಸಿದ ಫೈಲ್ ನೋಡಿಕೊಳ್ಳಿ: ಜೆಮ್ ಹೋಮ್‌ನಲ್ಲಿರುವುದನ್ನು ಧೈರ್ಯವಾಗಿ ತೆಗೆಯಬಹುದು, ವರ್ಕ್‌ಸ್ಟೇಷನ್‌ನ ಎಂಬೆಡೆಡ್ ಫೋಲ್ಡರ್ ಒಳಗಿನದನ್ನು ಮುಟ್ಟಬೇಡಿ. ಅದು ವರ್ಕ್‌ಸ್ಟೇಷನ್‌ನ ಆಸ್ತಿ. ಅಲ್ಲಿ ಒಂದು ಜೆಮ್ ಕಿತ್ತರೂ ನೈಫ್ ಏಳುವುದೇ ಇಲ್ಲ.

ಹಂತ 6: ಮೂಲಕ್ಕೇ ಸೇರಿಹೋದ ಪ್ಲಗಿನ್‌ಗಳು

ಕೆಲವು ಜಗಳಗಳಿಗೆ ಇತಿಹಾಸವೇ ಕಾರಣ. 2019ರಲ್ಲಿ ಬಂದ ಶೆಫ್ 15ರಲ್ಲಿ ಹೊಸ ಯಂತ್ರಕ್ಕೆ ಶೆಫ್ ಹಾಕುವ ‘ನೈಫ್ ಬೂಟ್‌ಸ್ಟ್ರ್ಯಾಪ್’ ಅನ್ನು ದೂರದ ಯಂತ್ರಗಳನ್ನು ತಲುಪುವ ಟ್ರೇನ್ ಲೈಬ್ರರಿಯ ಮೇಲೆ ಹೊಸದಾಗಿ ಬರೆದರು. ಅದುವರೆಗೆ ನೈಫ್-ವಿಂಡೋಸ್ ಪ್ಲಗಿನ್ ಮಾಡುತ್ತಿದ್ದ ವಿನ್‌ಆರ್‌ಎಂ (ವಿಂಡೋಸ್ ಯಂತ್ರಗಳನ್ನು ದೂರದಿಂದ ನಿಭಾಯಿಸುವ ವ್ಯವಸ್ಥೆ) ಬೂಟ್‌ಸ್ಟ್ರ್ಯಾಪ್ ಮೂಲ ಕಮಾಂಡ್‌ಗೇ ಸೇರಿತು. ಹಳೆಯ ನೈಫ್-ವಿಂಡೋಸ್ ಉಳಿಸಿಕೊಂಡವರಿಗೂ, ಬೂಟ್‌ಸ್ಟ್ರ್ಯಾಪ್‌ನ ಒಳಭಾಗಗಳನ್ನು ನೇರ ಕರೆಯುತ್ತಿದ್ದ ಹಳೆಯ ಕ್ಲೌಡ್ ಪ್ಲಗಿನ್‌ಗಳನ್ನು ಬಳಸುತ್ತಿದ್ದವರಿಗೂ ಕಾಟ ಶುರುವಾಯಿತು. ಅನುಮತಿಗಳನ್ನು ನೋಡಿಕೊಳ್ಳುವ ನೈಫ್-ಎಸಿಎಲ್ ಪ್ಲಗಿನ್ ಕೂಡ ಹೀಗೆಯೇ ಮೂಲಕ್ಕೆ ಸೇರಿತು. ಪ್ರೊಫೈಲ್ ಬದಲಿಸಲು ನೈಫ್-ಬ್ಲಾಕ್ ಬಳಸುತ್ತಿದ್ದವರಿಗೆ ಈಗ ‘ನೈಫ್ ಕಾನ್ಫಿಗ್ ಯೂಸ್’ ಇದೆ. ಇಂಥವು ನಿಮ್ಮಲ್ಲಿದ್ದರೆ ತೆಗೆದುಬಿಡಿ, ಯೋಚನೆ ಬೇಡ.

2021ರ ಶೆಫ್ 17 ಇನ್ನೊಂದು ತಿರುವು. ನೈಫ್ ಶೆಫ್ ಜೆಮ್‌ನಿಂದ ಹೊರಬಂದು ಸ್ವಂತ ಜೆಮ್ ಆಯಿತು. ಅದಕ್ಕಿಂತ ಹಳೆಯ ಪ್ಲಗಿನ್‌ಗಳು ತಮ್ಮ ಅವಲಂಬನೆಗಳ ಪಟ್ಟಿಯಲ್ಲಿ ‘ಶೆಫ್’ ಎಂದಷ್ಟೇ ಬರೆದಿರುತ್ತವೆ. ಬರಿಯ ಶೆಫ್ 17 ಇರುವ ಜಾಗದಲ್ಲಿ, ಉದಾಹರಣೆಗೆ ಸಿಐ ಕಂಟೇನರ್‌ನಲ್ಲಿ, ಅವನ್ನು ಓಡಿಸಿದರೆ ‘ಕೆನಾಟ್ ಲೋಡ್ ಸಚ್ ಫೈಲ್ – ಶೆಫ್/ನೈಫ್’. ಪ್ಲಗಿನ್ ಕೆಟ್ಟಿಲ್ಲ, ನೈಫ್ ಜೆಮ್ ಜೊತೆಗೆ ಹಾಕಿಲ್ಲ, ಅಷ್ಟೇ.

ಹಂತ 7: ಬಂಡ್ಲರ್‌ನೊಳಗೆ ಕಟ್ಟಿಹಾಕಿ

ಎರಡು ಮೂರು ಪ್ಲಗಿನ್‌ಗಿಂತ ಹೆಚ್ಚು ಬಳಸುವ ತಂಡವಾದರೆ ‘ಶೆಫ್ ಜೆಮ್ ಇನ್‌ಸ್ಟಾಲ್’ ಅಭ್ಯಾಸವನ್ನೇ ಬಿಡುವುದು ಒಳ್ಳೆಯದು. ಬೇಕಾದ ಜೆಮ್‌ಗಳ ಪಟ್ಟಿ ಓದಿ ಹೊಂದುವ ಆವೃತ್ತಿಗಳನ್ನು ಮಾತ್ರ ಹಾಕುವ ರೂಬಿ ಸಾಧನ ಬಂಡ್ಲರ್. ಶೆಫ್ ರೆಪೊದಲ್ಲಿ ಆ ಪಟ್ಟಿಯಾದ ಒಂದು ಜೆಮ್‌ಫೈಲ್ ಮಾಡಿ. ಮೊದಲಿಗೆ ಅದರಲ್ಲಿ ನೈಫ್ ಜೆಮ್ ಒಂದೇ ಇರಲಿ. ‘ಬಂಡಲ್ ಇನ್‌ಸ್ಟಾಲ್’ ಮಾಡಿ ‘ಬಂಡಲ್ ಎಕ್ಸೆಕ್ ನೈಫ್ ನೋಡ್ ಲಿಸ್ಟ್’ ಓಡಿಸಿ. ಓಡಿತೇ? ಈಗ ಪ್ಲಗಿನ್‌ಗಳನ್ನು ಒಂದೊಂದಾಗಿ ಸೇರಿಸುತ್ತ ಬನ್ನಿ, ಪ್ರತಿ ಸಲವೂ ಓಡಿಸಿ ನೋಡಿ.

ಇದರ ದೊಡ್ಡ ಅನುಕೂಲ ಏನೆಂದರೆ ಜಗಳ ಕಮಾಂಡ್ ಓಡುವಾಗ ಬರುವುದಿಲ್ಲ, ಇನ್‌ಸ್ಟಾಲ್ ಆಗುವಾಗಲೇ ಬರುತ್ತದೆ. ಅದೂ ಎರಡೂ ಪಕ್ಷದ ಹೆಸರು, ಯಾರಿಗೆ ಯಾವ ಆವೃತ್ತಿ ಬೇಕು ಎಂಬ ವಿವರದ ಸಮೇತ. ಆಯ್ದ ಆವೃತ್ತಿಗಳನ್ನು ಬರೆದಿಟ್ಟ ಜೆಮ್‌ಫೈಲ್ ಲಾಕ್ ಅನ್ನು ಗಿಟ್‌ಗೆ ಸೇರಿಸಿದರೆ ತಂಡದ ಎಲ್ಲರಿಗೂ ಒಂದೇ ಆವೃತ್ತಿ. ಎರಡು ಪ್ಲಗಿನ್‌ಗಳಿಗೆ ಹೊಂದಾಣಿಕೆಯೇ ಸಾಧ್ಯವಿಲ್ಲದಿದ್ದರೆ ಎರಡು ಫೋಲ್ಡರ್, ಎರಡು ಜೆಮ್‌ಫೈಲ್. ನೋಡಲು ಅಂದವಿಲ್ಲ, ಆದರೆ ಕೆಲಸ ನಡೆಯುತ್ತದೆ.

ಬಂಡ್ಲರ್ ತಡೆಯುವುದು ಜೆಮ್‌ಗಳನ್ನು ಮಾತ್ರ. ಹೋಮ್‌ನ ‘.ಶೆಫ್’ ಒಳಗಿನ ಬಿಡಿ ಫೈಲ್‌ಗಳು ಬಂಡಲ್ ಎಕ್ಸೆಕ್‌ನಲ್ಲೂ ಲೋಡ್ ಆಗುತ್ತವೆ, ಹಳೆಯ ಮ್ಯಾನಿಫೆಸ್ಟ್ ಇದ್ದರೆ ಅದನ್ನೂ ನೈಫ್ ಓದುತ್ತದೆ. ಹಾಗಾಗಿ ಹಂತ 3 ಮತ್ತು 4 ಬಿಟ್ಟು ನೇರ ಇಲ್ಲಿಗೆ ಹಾರಿ ಬಂದವರು ಹಿಂದೆ ಹೋಗಬೇಕು.

ಪ್ಲಗಿನ್ ನೀವೇ ಬರೆಯುವವರಾದರೆ

ಭಾರದ ಲೈಬ್ರರಿಗಳನ್ನು ಫೈಲ್‌ನ ತಲೆಯಲ್ಲಿ ರಿಕ್ವೈರ್ ಮಾಡಬೇಡಿ. ನೈಫ್‌ನಲ್ಲಿ ‘ಡೆಪ್ಸ್’ ಎಂಬ ಬ್ಲಾಕ್ ಇರುವುದೇ ಅದಕ್ಕೆ. ಅದರೊಳಗೆ ಬರೆದ ರಿಕ್ವೈರ್‌ಗಳು ಆ ಕಮಾಂಡ್ ನಿಜವಾಗಿ ಓಡುವಾಗ ಮಾತ್ರ ನಡೆಯುತ್ತವೆ. ನಿಮ್ಮ ಲೈಬ್ರರಿ ಕೈಕೊಟ್ಟರೂ ನಿಮ್ಮ ಕಮಾಂಡ್ ಮಾತ್ರ ಬೀಳುತ್ತದೆ, ಊರಿನವರ ‘ನೋಡ್ ಲಿಸ್ಟ್’ ಬೀಳುವುದಿಲ್ಲ. ಅವಲಂಬನೆಗಳ ಪಟ್ಟಿಯಲ್ಲಿ ‘ಶೆಫ್’ ಬದಲು ‘ನೈಫ್’ ಎಂದು ಬರೆಯಿರಿ. ಆವೃತ್ತಿಯ ಮೇಲ್ಮಿತಿಯನ್ನು, ಅದು ಮುರಿಯುತ್ತದೆ ಎಂದು ಖಚಿತವಾಗಿ ಗೊತ್ತಿದ್ದರೆ ಮಾತ್ರ ಹಾಕಿ. ಕ್ಲಾಸ್ ಹೆಸರಿನ ಮೊದಲ ಪದ ನಿಮ್ಮ ಪ್ಲಗಿನ್‌ಗೆ ಮಾತ್ರ ಸೇರಿದ್ದಾಗಿರಲಿ. ನೋಡ್, ರೋಲ್, ಕುಕ್‌ಬುಕ್, ಕ್ಲೈಂಟ್ ಇವು ನೈಫ್‌ನ ಸ್ವಂತ ಪದಗಳು. ಹೋಮ್‌ನಲ್ಲಿ ಏನೂ ಇಲ್ಲದ ಹೊಸ ಬಳಕೆದಾರ ಹೆಸರಿನಲ್ಲಿ ಒಮ್ಮೆ, ನಾಲ್ಕಾರು ಪ್ಲಗಿನ್ ತುಂಬಿದ ಯಂತ್ರದಲ್ಲಿ ಒಮ್ಮೆ ಓಡಿಸಿ ನೋಡಿದ ಮೇಲೆ ತಂಡಕ್ಕೆ ಕೊಡಿ. ಕೊಡುವಾಗ ಚಾಟ್‌ನಲ್ಲಿ ಬಿಡಿ ಫೈಲ್ ಕಳಿಸಬೇಡಿ, ಜೆಮ್ ಮಾಡಿ ಕೊಡಿ.